ಮರಿಗೆ ಒಗ್ಗದ ಹಾಲು

ನಮ್ಮ ಅತ್ತೆಯ ಮನೆಯಲ್ಲಿ ಕೋಳಿ ಎಂಬ ಮಾತನ್ನು ಆಡಬಹುದು, ಅಷ್ಟೇ. ಕೋಳಿ ಸಾಕುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಬೇರೆಲ್ಲೋ ತಿಂದು ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವ ಹಾಗಿಲ್ಲ. ಕುರಿ ನಡೆಯುತ್ತದೆ, ಮೇಕೆ ನಡೆಯುತ್ತದೆ, ಕೋಳಿ ಮಾತ್ರ ನಡೆಯುವುದಿಲ್ಲ. ಯಾಕೆ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಹಿಂದ್ಲಿಂದ ಬಂದೈತೆ" ಅಂದರು ಅತ್ತೆ. ಅಲ್ಲಿಗೆ ಮುಗಿಯಿತು. ನಾನು ಮೊಳಕಾಲ್ಮುರಿನ ನೇಕಾರರ ಮನೆಯವಳು, ಮನೆಮಾತು ತೆಲುಗು. ವಾರವಿಡೀ ಮಗ್ಗದ ಸದ್ದಿನಲ್ಲಿ ಬೇಳೆಸಾರು ಉಂಡು, ಭಾನುವಾರದ ಕೋಳಿಗಾಗಿ ಕಾದು ಬೆಳೆದವಳು. ಮುತ್ತುರಾಜ್‌ನನ್ನು ಒಪ್ಪಿ ಮನೆ ಬಿಟ್ಟು ಬಂದ ದಿನ ಜಾತಿ, ಭಾಷೆ, ಅಪ್ಪನ ಮುಖ ಎಲ್ಲ ಬಿಟ್ಟು ಬರುತ್ತಿದ್ದೇನೆ ಅಂತ ಗೊತ್ತಿತ್ತು. ಭಾನುವಾರವನ್ನೂ ಬಿಟ್ಟು ಬಂದಿದ್ದೇನೆ ಅಂತ ಆಮೇಲೆ ಗೊತ್ತಾಯಿತು.

ಅತ್ತೆ ತಿಪ್ಪೇರುದ್ರಮ್ಮ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಯಿ ಸ್ವಲ್ಪ ಖಾರ, ಮುಂದೆ ನಾನು ಹೇಳುವ ರೀತಿಗೆ ನಿಮಗೆ ಹಾಗೆ ಅನ್ನಿಸಬಹುದು. ಮಾವ ಚಿಕ್ಕೀರಪ್ಪ ಇರುವ ತನಕ ದೇವರ ಹೆಸರಿಗೆ ಬಿಟ್ಟ ಎತ್ತುಗಳ ಹಿಂಡನ್ನು ಕಾದವರು. ಅವರು ಹೋದ ಮೇಲೆ ಹಿಂಡು ಬೇರೆಯವರ ಕೈಗೆ ಹೋಯಿತು. ಕೊಂಡ್ಲಹಳ್ಳಿಯ ಅಂಚಿನಲ್ಲಿರುವ, ಸುತ್ತ ಜಾಲಿಮುಳ್ಳಿನ ಬೇಲಿ ಇರುವ ಈ ಮನೆಯಲ್ಲಿ ಕೆಂದಿ ಎಂಬ ಒಂದು ಹಸು ಉಳಿಯಿತು. ಅತ್ತೆಗೆ ಅದರ ಹಾಲು ಹಾಲಲ್ಲ, ಪ್ರಸಾದ. ತಲೆನೋವು ಅಂದರೆ ಹಾಲು, ಜ್ವರ ಅಂದರೆ ಹಾಲು, ಕರೆಂಟ್ ಬಿಲ್ ಕೊಡಲು ಬಂದವನಿಗೂ ಬಿಸಿಲಲ್ಲಿ ಬಂದಿದ್ದೀಯ ಕುಡಿಯಪ್ಪ ಅಂತ ಒಂದು ಲೋಟ ಹಾಲು. ಬೇರೆ ಜಾತಿಯ ಸೊಸೆ ಬಂದಳು ಅಂತ ಊರೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಾಗ ಅವರು ನನ್ನ ಕೈಗೆ ಕೊಟ್ಟದ್ದೂ ಅದನ್ನೇ. "ಕೋಳಿ ಒಂದು ಬ್ಯಾಡ ಕಣವ್ವ, ಉಳಿದಿದ್ದೆಲ್ಲಾ ನಿಂದೇ ಮನೆ" ಅಂದಿದ್ದರು. ಆ ಮಾತಿಗೆ ತಪ್ಪಿ ಅವರು ಯಾವತ್ತೂ ನಡೆದವರಲ್ಲ.

ನಮ್ಮಪ್ಪ ಸೂರಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದರು. ಹಾಗಾಗಿ ಚೊಚ್ಚಲ ಹೆರಿಗೆಗೆ ನನಗೆ ತವರು ಇರಲಿಲ್ಲ. ಬಾಣಂತನ ಮಾಡಿದ್ದು ಅತ್ತೆಯೇ. ಹೆತ್ತ ತಾಯಿಗೂ ಅಷ್ಟು ತಾಳ್ಮೆ ಇರುತ್ತದೋ ಇಲ್ಲವೋ. ಹೆಣ್ಣುಕೂಸು, ತುಂಬಾ ಸಣ್ಣದು, ಎದೆ ಹಿಡಿದು ಹೀರಲು ಶಕ್ತಿ ಇರಲಿಲ್ಲ. ನನಗೂ ಹಾಲು ಸರಿಯಾಗಿ ಇಳಿಯುತ್ತಿರಲಿಲ್ಲ. ಅತ್ತೆ ಕೆಂದಿಯ ಹಾಲಲ್ಲಿ ದೇವರಿಗೆ ಅಂತ ತೆಗೆದಿಡುವ ಮೊದಲ ಪಾಲನ್ನೇ ಕಾಯಿಸಿ ಆರಿಸಿ, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿದರು. ಮೊದಲು ಕೂಸಿನ ಕೆನ್ನೆ ತುಂಬಿದ ಹಾಗೆ ಕಂಡಿತು. ಆಮೇಲೆ ಭೇದಿ ಶುರುವಾಯಿತು. ನಿತ್ರಾಣವಾಗಿದೆ ಅಂತ ಅತ್ತೆ ಇನ್ನಷ್ಟು ಹಾಲು ಕೊಟ್ಟರು. ಚಳ್ಳಕೆರೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಕೂಸಿನ ಹೊಟ್ಟೆಯ ಚರ್ಮವನ್ನು ಬೆರಳಲ್ಲಿ ಹಿಡಿದು ಎತ್ತಿ ಬಿಟ್ಟರು. ಎತ್ತಿದ ಚರ್ಮ ಎತ್ತಿದಂತೆಯೇ ನಿಂತಿತು. "ತಾಯಿ ಹಾಲು ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ದೀರಾ?" ಅಂತ ಕೇಳಿದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮುತ್ತುರಾಜ್ ಬಾಗಿಲ ಕಡೆ ಒಂದು ಸಲ ನೋಡಿ, "ಇಲ್ಲಾ ಸಾರ್" ಅಂದ.

ಕೂಸು ಉಳಿಯಲಿಲ್ಲ. ಹೇಳಿದ್ದರೆ ಉಳಿಯುತ್ತಿತ್ತೋ ಏನೋ ಗೊತ್ತಿಲ್ಲ. ತಡವಾಗಿತ್ತು ಅಂತ ಮಾತ್ರ ಡಾಕ್ಟರು ಹೇಳಿದರು.

ಅದಾಗಿ ಒಂದು ವರ್ಷದ ಮೇಲಾಯಿತು. ನಮ್ಮ ಮನೆಯಲ್ಲಿ ಹಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ "ದೇವ್ರು ಕೊಟ್ಟ, ದೇವ್ರು ಕರ್ಕಂಡ" ಅನ್ನುತ್ತಿದ್ದರು. ನನಗೆ ಆ ಮಾತು ಕೇಳಿದಾಗೆಲ್ಲ ಮೈ ಉರಿಯುತ್ತಿತ್ತು. ದೇವರ ತಲೆಗೆ ಕಟ್ಟಿ ಇವರು ಆರಾಮಾಗಿದ್ದಾರೆ ಅನ್ನಿಸುತ್ತಿತ್ತು. ಒಂದು ದಿನ, ಒಂದೇ ಒಂದು ದಿನ, ಅವರ ಮುಖಕ್ಕೆ ಹೇಳಿಬಿಡಬೇಕು ಅಂತ ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಕೂಸು ಹೋದ ಸುದ್ದಿ ಕೇಳಿ ಅಪ್ಪ ಬಂದು ನನ್ನ ತಲೆ ಸವರಿ ಹೋದರು. ಅಮ್ಮ ಆಗಿನಿಂದ ಫೋನ್ ಮಾಡತೊಡಗಿದಳು. ಮಗಳನ್ನು ಕಳೆದುಕೊಂಡ ಮೇಲೆ ನನಗೆ ತವರು ಸಿಕ್ಕಿತು ಅಂತ ಒಮ್ಮೊಮ್ಮೆ ಕಹಿಯಾಗಿ ನಗು ಬರುತ್ತಿತ್ತು.

ಹೀಗಿರುವಾಗ ಬೆಕ್ಕಿನ ಮರಿ ಬಂತು. ಮುತ್ತುರಾಜ್ ಕುದಾಪುರದ ಒಂದು ಕ್ಯಾಂಪಸ್ಸಿಗೆ ಕೆಲಸದವರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾನೆ. ಅಲ್ಲಿನ ಕಾಂಪೌಂಡಿನ ಪಕ್ಕ, ವ್ಯಾನಿನ ಟೈರಿನ ಹಿಂದೆ ಕೂತು ಕೂಗುತ್ತಿತ್ತಂತೆ. ತಾಯಿ ಎಲ್ಲೂ ಕಾಣಲಿಲ್ಲವಂತೆ. ಶರ್ಟಿನೊಳಗೆ ಹಾಕಿಕೊಂಡು ತಂದು ನನ್ನ ಮಡಿಲಿಗೆ ಬಿಟ್ಟ. ಬೂದಿ ಬಣ್ಣ, ಮೂಗಿನ ಮೇಲೆ ಬಿಳಿ ಮಚ್ಚೆ, ಮೈಯಲ್ಲಿ ಮಾಂಸಕ್ಕಿಂತ ಕಣ್ಣೇ ಜಾಸ್ತಿ. ಮಗು ಹೋದ ಮನೆಗೆ ಬೆಕ್ಕು ತಂದು ಸರಿ ಮಾಡಲು ನೋಡುತ್ತಿದ್ದಾನಲ್ಲ ಅಂತ ಸಿಟ್ಟು ಬಂದು, "ನಾನೇನು ಇಲಿ ಕಾಟ ಅಂತ ಹೇಳಿದ್ನಾ?" ಅಂದೆ. ಅವನು ಕೈಕಾಲು ತೊಳೆಯಲು ಹೋದ. ಮರಿ ನನ್ನ ಸೆರಗಿನ ಅಂಚನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು, ಅದನ್ನು ಬಿಡಿಸಿ ಕೆಳಗಿಡಲು ನನ್ನ ಕೈ ಬರಲಿಲ್ಲ.

ಅತ್ತೆ ಕೊಟ್ಟಿಗೆಯಿಂದ ಬಂದವರು ಮರಿಯನ್ನು ನೋಡಿ ಅಷ್ಟಗಲ ಮುಖ ಮಾಡಿದರು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗು ಕಂಡದ್ದು. ಕೆಂದಿಯ ಹಾಲನ್ನು ಪಿಂಗಾಣಿ ಬಟ್ಟಲಿಗೆ ಸುರಿದು ಮುಂದಿಟ್ಟರು. ಮರಿ ಮುಖ ಮೂತಿ ಎಲ್ಲ ಅದ್ದಿಕೊಂಡು ಕುಡಿಯಿತು. ಹೊಟ್ಟೆ ಡೋಲಿನ ಹಾಗೆ ಉಬ್ಬಿತು. "ನೋಡು ನೋಡು, ಹೆಂಗೆ ಕುಡೀತೈತೆ ಬಡ್ಡೀದು" ಅಂತ ಅತ್ತೆ ಖುಷಿಪಟ್ಟರು. ಬೆಳಿಗ್ಗೆ ಕರೆದ ಕೂಡಲೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ನಾನು ಬೇಡ ಅನ್ನಲಿಲ್ಲ. ಬೆಕ್ಕು ಹಾಲು ಕುಡಿಯುತ್ತದೆ ಅಂತ ಎಲ್ಲರೂ ನಂಬುವ ಹಾಗೆ ನಾನೂ ನಂಬಿದ್ದೆ.

ಸ್ವಲ್ಪ ದಿನಕ್ಕೆ ಮರಿ ಅಂಗಳದಲ್ಲಿ ಅಲ್ಲಲ್ಲಿ ನೀರು ನೀರಾಗಿ ಹೇತುಕೊಳ್ಳತೊಡಗಿತು. ಹಳದಿ ಬಣ್ಣ, ಹುಳಿ ವಾಸನೆ. ಬಾಲ, ಹಿಂಗಾಲು ಎಲ್ಲ ಅಂಟಂಟು. ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ ಅರ್ಧ ಗಂಟೆಗೆ ಮತ್ತೆ ಅದೇ ಕತೆ. ಆಡುವುದನ್ನು ಬಿಟ್ಟಿತು. ಬಿಸಿಲಲ್ಲಿ ಗೋಣಿಚೀಲದ ಮೇಲೆ ಕಾಲು ಮಡಚಿ ಕೂತು ಎತ್ತಲೋ ನೋಡುತ್ತಿತ್ತು.

"ನಿತ್ರಾಣ ಆಗೈತೆ ಪಾಪ, ಹೊಟ್ಟೆಗೆ ಹಾಲು ಬಿದ್ರೆ ಸರಿಹೋಗ್ತೈತೆ" ಅಂದರು ಅತ್ತೆ. ಅದೇ ಮಾತು, ಅದೇ ದನಿ.

ಮರಿಗೆ ಬಟ್ಟಲಿಗೆ ತಲೆ ಹಾಕಿ ಕುಡಿಯುವ ಶಕ್ತಿಯೂ ಇಲ್ಲ ಅಂತ ಅತ್ತೆ ಒಳಗೆ ಹೋಗಿ ಟ್ರಂಕು ತೆಗೆದರು. ಬಂದಾಗ ಅವರ ಕೈಯಲ್ಲಿ ಒಳಲೆ ಇತ್ತು. ಸಣ್ಣ ಹಿತ್ತಾಳೆಯದು, ಮೂತಿ ಚೂಪಾದದ್ದು, ನನ್ನ ಮಗಳ ತುಟಿಗೆ ತಾಗಿದ್ದು. ಅದನ್ನು ಅವರು ಹುಣಸೆಹಣ್ಣು ಹಾಕಿ ತಿಕ್ಕಿ, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ. ನಾನು ಎದ್ದು ಅವರ ಕೈಯಿಂದ ಅದನ್ನು ಕಿತ್ತುಕೊಂಡೆ.

"ಇದ್ರಲ್ಲಿ ಬ್ಯಾಡ."

"ಯಾಕವ್ವ? ತೊಳ್ದೇ ಐತೆ."

"ಬ್ಯಾಡ ಅಂದ್ರೆ ಬ್ಯಾಡ ಅತ್ತೆ."

ಅವರು ನನ್ನ ಮುಖ ನೋಡಿದರು. ಕೂಸಿನ ನೆನಪಿಗೆ ಬೇಜಾರಾಗಿದೆ ಅಂದುಕೊಂಡು, "ಆತು ಬಿಡು" ಅಂತ ಮೆತ್ತಗೆ ಹೇಳಿ ಹೊರಗೆ ಹೋದರು. ನಾನು ಅಡಿಗೆಮನೆಯಲ್ಲಿ ನಿಂತು ಅಳು ಬರುವ ತನಕ ಒಲೆ ಒರೆಸಿದೆ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮಗ್ಗದ ಮನೆಯಲ್ಲಿ ರೇಷ್ಮೆ ಕಡಿಯುವ ಇಲಿಗಳಿಗಾಗಿ ಯಾವಾಗಲೂ ಬೆಕ್ಕು ಇರುತ್ತಿತ್ತು. "ಪಾಲು ಪೊಯ್ಯೊದ್ದಮ್ಮಾ" ಅಂದಳು ಅಮ್ಮ, ಹಾಲು ಹಾಕಬೇಡ ಅಂತ. "ಮೊದ್ಲು ಡಾಕ್ಟರ ಹತ್ರ ತಗೊಂಡೋಗು. ನಮ್ ಕಡೆ ಕೋಳಿ ಬೇಯ್ಸಿ ಹಾಕ್ತಿದ್ವಿ, ಅಲ್ಲಿ ನಿಮ್ಮತ್ತೆ..." ಅಂದಳು.

ಮರುದಿನ ಬೆಳಿಗ್ಗೆ ಮರಿಯನ್ನು ಎತ್ತಿಕೊಂಡಾಗ ಅದರ ಕುತ್ತಿಗೆಯ ಹಿಂದಿನ ಚರ್ಮ ನನ್ನ ಬೆರಳಿಗೆ ಸಿಕ್ಕಿತು. ಬಿಟ್ಟೆ. ಚರ್ಮ ಕೆಳಗಿಳಿಯಲಿಲ್ಲ. ಎತ್ತಿದ ಮಡಿಕೆ ಹಾಗೆಯೇ ನಿಂತಿತು. ಈ ಸಲ ತಡ ಮಾಡುವುದಿಲ್ಲ ಅಂತ ಬುಟ್ಟಿಗೆ ಹಳೇ ಟವೆಲ್ ಹಾಸಿ ಮರಿಯನ್ನು ಮಲಗಿಸಿ, ಮುತ್ತುರಾಜ್‌ನ ವ್ಯಾನ್ ಹತ್ತಿದೆ. ಇದು ಬದುಕಬೇಕು. ಅಷ್ಟೇ ನನಗೆ ಬೇಕಾಗಿದ್ದು. ಬೇರೆ ಏನೂ ಬೇಡ, ಇದೊಂದು ಬದುಕಬೇಕು ಅಂತ ಚಳ್ಳಕೆರೆ ಬರುವ ತನಕ ಬುಟ್ಟಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ.

ಪಶು ಡಾಕ್ಟರ ಹೆಸರು ಶಶಿಕಾಂತ್. ಎಮ್ಮೆ, ಕುರಿ ಹಿಡಿದುಕೊಂಡು ನಿಂತವರ ಮಧ್ಯೆ ಬೆಕ್ಕಿನ ಬುಟ್ಟಿ ಹಿಡಿದು ನಿಂತ ನನ್ನನ್ನು ನೋಡಿ ಕೆಲವರು ನಕ್ಕರು. ಡಾಕ್ಟರು ನಗಲಿಲ್ಲ. ಮರಿಯ ವಸಡು ನೋಡಿದರು, ಹೊಟ್ಟೆ ಒತ್ತಿದರು, ಚರ್ಮ ಎತ್ತಿ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

"ಏನು ಕೊಡ್ತಿದ್ದೀರಿ?"

"ಹಾಲು."

"ಹಸೂದಾ?"

"ಹೂಂ ಸಾರ್. ಮನೇದೇ."

"ಅದೇ ನೋಡ್ರಿ" ಅಂದರು. "ಬೆಕ್ಕಿನ ಮರಿಗೆ ಹಸುವಿನ ಹಾಲು ಒಗ್ಗಲ್ಲ. ಅದನ್ನ ಅರಗಿಸಿಕೊಳ್ಳೋ ಶಕ್ತಿ ಅದಕ್ಕಿಲ್ಲ. ಕುಡಿದಷ್ಟೂ ಭೇದಿ ಆಗುತ್ತೆ. ಸುಸ್ತಾಗಿದೆ ಅಂತ ನೀವು ಮತ್ತೆ ಕುಡಿಸ್ತೀರಿ. ಪ್ರೀತಿಯಿಂದಾನೇ ಕುಡಿಸ್ತೀರಿ, ಆದ್ರೆ ಅದಕ್ಕೆ ಅದು ವಿಷ."

ಅಷ್ಟು ಸರಳವಾಗಿ ಹೇಳಿಬಿಟ್ಟರು. ಒಂದು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಅವರು ಬೆಕ್ಕಿನ ವಿಷಯ ಅಂತ ಹೇಳಿ ಕೈ ತೊಳೆಯಲು ಹೋದರು. ಬಂದು ಮರಿಯ ಚರ್ಮದಡಿ ಸಲೈನ್ ಕೊಟ್ಟರು. ಒಂದು ಹನಿ ಹಾಲೂ ಬೇಡ ಅಂದರು. ಓಆರ್‌ಎಸ್ ನೀರನ್ನು ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಯ ಪಕ್ಕದಿಂದ ಬಿಡಬೇಕು, ಒಟ್ಟಿಗೆ ಸುರಿದರೆ ಉಸಿರಿಗೆ ಹೋಗುತ್ತದೆ. ಕೋಳಿ ಎದೆಯ ಮಾಂಸವನ್ನು ಉಪ್ಪು, ಅರಿಶಿನ, ಬೆಳ್ಳುಳ್ಳಿ, ಈರುಳ್ಳಿ ಏನೂ ಹಾಕದೆ ಬರೀ ನೀರಲ್ಲಿ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಮೆತ್ತಗಿನ ಅನ್ನ ಒಂದು ಚಿಟಿಕೆ ಸೇರಿಸಿ, ದಿನಕ್ಕೆ ಹಲವು ಸಲ ಬೆರಳ ತುದಿಯಷ್ಟು ಕೊಡಬೇಕು. ಮೈ ಬೆಚ್ಚಗಿರಬೇಕು. ಸುಧಾರಿಸಿದ ಮೇಲೆ ಹುಳದ ಔಷಧಿ. ಎಲ್ಲಕ್ಕೂ ತಲೆಯಾಡಿಸಿದೆ. ಕೋಳಿ ಅಂದಾಗ ಮಾತ್ರ ನನ್ನ ತಲೆ ನಿಂತುಬಿಟ್ಟಿತು.

"ಬೇರೆ ಏನಾದ್ರೂ ಆಗುತ್ತಾ ಸಾರ್?"

"ಅದು ಬೆಕ್ಕಮ್ಮ. ಮಾಂಸ ತಿನ್ನೋ ಜೀವ. ಬರೀ ಗಂಜಿಯಲ್ಲಿ ಎಷ್ಟು ದಿನ ಉಳಿಯುತ್ತೆ?"

ಹೊರಗೆ ಬಂದು ಮುತ್ತುರಾಜ್‌ಗೆ ಹೇಳಿದೆ. ಅವನು ಸ್ಟೇರಿಂಗ್ ಹಿಡಿದು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಕೋಳಿಯ ಬಗ್ಗೆ ಅವನು ಏನೂ ಅನ್ನಲಿಲ್ಲ.

"ಅವ್ವಂಗೆ ಹಾಲಿನ ವಿಷ್ಯ ಹೇಳಬ್ಯಾಡ ಪುಷ್ಪಾ" ಅಂದ.

"ಹೇಳದೆ? ಇವತ್ತು ಸಂಜೆನೂ ಬಟ್ಟಲು ಹಿಡ್ಕೊಂಡು ಬರ್ತಾರೆ."

"ಹುಳ ಆಗೈತಂತೆ ಅನ್ನು. ಹುಳ ಸಾಯೋ ತನಕ ಹಾಲು ಬ್ಯಾಡ ಅಂದ್ರು ಅನ್ನು." ಅವನ ದನಿ ಒಡೆಯಿತು. "ಹಾಲಿಂದ ಅಂದ್ರೆ ಅವ್ವಂಗೆ ಬೆಕ್ಕೊಂದೇ ಅಲ್ಲ ಹೊಳೆಯೋದು. ಅದಕ್ಕೆ ತಡ್ಕಳ ವಯಸ್ಸಲ್ಲ ಈಗ."

ನನಗೆ ತಡೆದುಕೊಳ್ಳುವ ವಯಸ್ಸು ಅಂತಾಯಿತು. ಇಷ್ಟು ದಿನ ಜೋಡಿಸಿಟ್ಟಿದ್ದ ಮಾತುಗಳಿಗೆ ಈಗ ಡಾಕ್ಟರ ಸಾಕ್ಷಿಯೂ ಸಿಕ್ಕಿತ್ತು. ಮನೆಗೆ ಹೋಗಿ ಹೊಸ್ತಿಲಲ್ಲೇ ಹೇಳಿಬಿಡಬಹುದಿತ್ತು. ಮುತ್ತುರಾಜ್ ವ್ಯಾನ್ ತೆಗೆದುಕೊಂಡು ಕೆಲಸಕ್ಕೆ ಹೋದ ಮೇಲೆ, ಬಸ್ಸಿನಲ್ಲಿ ಊರಿಗೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಆದರೆ ಬಾಗಿಲಲ್ಲಿ ಕಾದು ನಿಂತಿದ್ದ ಅತ್ತೆ ಬುಟ್ಟಿಗೆ ಕೈ ಹಾಕಿ, "ಉಳೀತೈತಂತಾ?" ಅಂತ ಕೇಳಿದಾಗ ಮರಿಯ ತಲೆಯನ್ನು ಬಿಡದೆ ಸವರುತ್ತಿದ್ದರು. "ಹೊಟ್ಟೇಲಿ ಹುಳ ಆಗೈತಂತೆ ಅತ್ತೆ, ಅವು ಸಾಯೋ ತನಕ ಹಾಲು ಬ್ಯಾಡಂತೆ" ಅಂದುಬಿಟ್ಟೆ.

"ಹಂಗಾ. ಹುಳಾನಾ." ಅವರು ನಿಟ್ಟುಸಿರು ಬಿಟ್ಟರು. "ತಿನ್ನಕ್ಕೆ ಏನು ಕೊಡ್ಬೇಕಂತೆ?"

ಇದಕ್ಕೆ ಸುಳ್ಳು ಹೊಳೆಯಲಿಲ್ಲ. "ಕೋಳಿ" ಅಂದೆ.

ಅತ್ತೆ ಒಳಗೆ ಹೋದರು. ಆ ದಿನ ಓಆರ್‌ಎಸ್ ನೀರು, ಅಕ್ಕಿ ಗಂಜಿಯ ತಿಳಿಯಲ್ಲೇ ಕಳೆಯಿತು. ಸಿರಿಂಜಿನ ತುದಿಯನ್ನು ಕೆನ್ನೆಯ ಸಂದಿಗೆ ಇಟ್ಟು ಹನಿ ಬಿಟ್ಟರೆ ಮರಿ ನಾಲಿಗೆ ಆಡಿಸುತ್ತಿತ್ತು. ಅರ್ಧ ಒಳಗೆ, ಅರ್ಧ ನನ್ನ ಸೀರೆಗೆ. ಭೇದಿ ಕಡಿಮೆಯಾಯಿತು, ಆದರೆ ಮರಿ ತಲೆ ಎತ್ತಲಿಲ್ಲ. ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಅದರ ಬೆನ್ನಿಗೆ ಒರಗಿಸಿ ಕೂತೆ.

ಮರುದಿನ ಅತ್ತೆ ಬೇಲಿಯಾಚೆ, ಬೇವಿನ ಮರದ ಕೆಳಗೆ, ಮೂರು ಕಲ್ಲು ಹೂಡುತ್ತಿದ್ದರು. ಪಕ್ಕದಲ್ಲಿ ಕಂಠ ಮುರಿದ ಒಂದು ಹಳೇ ಮಡಕೆ.

"ಇಲ್ಲಿ ಬೇಯ್ಸು" ಅಂದರು ನನ್ನ ಕಡೆ ನೋಡದೆ. "ಒಳಗೆ ತರಬ್ಯಾಡ. ಮಡಕೆ ಇಲ್ಲೇ ಇರ್ಲಿ. ತಿಂದ ಬಾಯಲ್ಲಿ ಮರಿನೂ ಒಳಗೆ ಬರಂಗಿಲ್ಲ, ನಿಮ್ಮ ಮಾವ ಕೂತ ಜಾಗ ಅದು. ಹೊರಗೇ ನಾನು ಗೂಡು ಮಾಡಿ ಕೊಡ್ತೀನಿ."

"ನೀವು ಯಾಕೆ ಅತ್ತೆ, ನಾನೇ..."

"ಅದಕ್ಕೆ ಯಾವ ಕುಲ ಯಾವ ಕಟ್ಟು? ಬದುಕ್ಲಿ."

ಅವರ ಕಣ್ಣಲ್ಲಿ ನೀರಿತ್ತು. ಹಿರಿಯರು ಕಟ್ಟಿದ ಕಟ್ಟನ್ನು ಬೇಲಿಯ ಈಚೆಯವರೆಗೂ ತಂದು, ಅಲ್ಲಿಂದ ಒಂದು ಹೆಜ್ಜೆ ಸಡಿಲಿಸುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಅಂತ ನನಗೆ ಆಗ ಕಂಡಿತು. ನಾನು ಪೇಟೆಯಿಂದ ಅಪ್ಪನ ಕೈಲಿ ಮಾಂಸ ತರಿಸಿದೆ. ಅಪ್ಪ ಬೈಕಿನಿಂದ ಇಳಿಯದೆ ಬೇಲಿಯಾಚೆಯೇ ಚೀಲ ಕೊಟ್ಟು, ಅತ್ತೆಯ ಕಡೆ ನೋಡಿ ಕೈ ಮುಗಿದು ಹೋದರು. ಅತ್ತೆ ದೂರ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಆದರೂ ಒಳಗೆ ಹೋಗಲಿಲ್ಲ.

ಬೆಂದ ಮಾಂಸದ ವಾಸನೆಗೆ ಮರಿಯ ಮೂಗು ಅಲುಗಿತು. ಒಂದು ಎಳೆಯನ್ನು ಬೆರಳಲ್ಲಿ ಹಿಡಿದೆ. ನೆಕ್ಕಿತು, ಬಿಟ್ಟಿತು, ಮತ್ತೆ ನೆಕ್ಕಿತು, ನುಂಗಿತು. "ತಿಂತಾ?" ಅಂತ ಬೇಲಿಯ ಆ ಕಡೆಯಿಂದ ಅತ್ತೆ ಕೇಳಿದರು. "ತಿಂತು" ಅಂದೆ. ಆ ದಿನ ನಾವಿಬ್ಬರೂ ಅಷ್ಟೇ ಮಾತಾಡಿದ್ದು. ಆದರೂ ಅವರ ಮೇಲೆ ನನ್ನ ಸಿಟ್ಟು ಎಲ್ಲೋ ಸ್ವಲ್ಪ ಸಡಿಲವಾಯಿತು.

ಮರಿ ನಿಧಾನಕ್ಕೆ ಎದ್ದಿತು. ಹೇಲು ಮೊದಲು ಗಂಜಿಯ ಹಾಗೆ, ಆಮೇಲೆ ಗಟ್ಟಿ. ಇಂಥ ಸಂಗತಿಗೆ ಯಾರಾದರೂ ಸಂತೋಷಪಡುತ್ತಾರೆಯೇ ಅಂತ ನಗಬೇಡಿ; ನಾನು ಪಟ್ಟಿದ್ದೇನೆ. ಅತ್ತೆ ಮಾವನ ಹಳೇ ಕಂಬಳಿ ಹಾಸಿ ಕಲ್ಲಿನ ಗೂಡು ಮಾಡಿಕೊಟ್ಟರು. ಮನೆಯೊಳಗೆ ಮರಿ ಬರಬಾರದಾದ್ದರಿಂದ ಅವರೇ ಹೊರಗೆ ಹೋಗಿ ಅದರ ಪಕ್ಕ ಕೂರುತ್ತಿದ್ದರು. ಕೋಳಿಯ ಮಡಕೆ ಮುಟ್ಟುವುದಿಲ್ಲ, ಆದರೆ ಮರಿಯ ಬೆನ್ನು ಸವರುತ್ತಾರೆ. ಒಳಗೆ ಬರುವ ಮೊದಲು ಪ್ರತಿ ಸಲ ಕೈಕಾಲು ತೊಳೆಯುತ್ತಾರೆ. ಹುಳದ ಔಷಧಿಯನ್ನೂ ಕುಡಿಸಿದೆ. ಮರಿ ಅವರ ಸೆರಗಿಗೆ ಕೈ ಹೊಡೆದು ಆಡುವುದನ್ನು ಅಂಗಳದಿಂದ ನೋಡುತ್ತಿದ್ದೆ. ಹಾಲು ನಿಲ್ಲಿಸಿದ್ದಕ್ಕೆ ಬದುಕಿತು. ಇಷ್ಟೇನಾ? ಇಷ್ಟು ಮಾತ್ರ ಸಾಕಾಗಿತ್ತಾ? ಮರಿ ಗಟ್ಟಿಯಾದಷ್ಟೂ ಈ ಪ್ರಶ್ನೆ ನನ್ನೊಳಗೆ ಗಟ್ಟಿಯಾಗುತ್ತಿತ್ತು.

ಆಮೇಲೆ ಒಂದು ದಿನ ನಾನು ಮೊಳಕಾಲ್ಮುರಿಗೆ ಹೋಗಿ ಅಮ್ಮನನ್ನು ನೋಡಿ ಸಂಜೆಯೊಳಗೆ ಬಂದೆ. ಗೂಡಿನ ಮುಂದೆ ಹಳದಿ ನೀರು. ಮರಿ ಮತ್ತೆ ಕಾಲು ಮಡಚಿ ಕೂತಿತ್ತು, ಬಾಲ ಅಂಟಂಟು. ಅತ್ತೆ ಅದರ ಪಕ್ಕ ಕೂತಿದ್ದರು. ಅವರ ಮುಂದೆ ಪಿಂಗಾಣಿ ಬಟ್ಟಲು ಇತ್ತು, ಅಂಚಿನಲ್ಲಿ ಕೆನೆ ಒಣಗಿತ್ತು.

"ಹಾಲು ಹಾಕಿದ್ರಾ?" ಅಂತ ಕಿರುಚಿದೆ.

"ಹುಳ ಹೋದ್ವಲ್ಲ ಅಂತ..." ಅಂದರು. "ನೀನೇ ಅಂದಿದ್ದಲ್ಲ, ಹುಳ ಸಾಯೋ ತನಕ ಬ್ಯಾಡ ಅಂತ. ಬೆಳಿಗ್ಗೆ ಒಂದೀಟು ಹಾಕ್ದೆ. ಆಸೆ ಮಾಡ್ಕಂಡು ಕುಡೀತು."

ಅವರ ತಪ್ಪಿಲ್ಲ. ಸುಳ್ಳು ಹೇಳಿದವಳು ನಾನು, ಅದನ್ನು ನಂಬಿದವರು ಅವರು. ನಾನು ಮರಿಯನ್ನು ಒರೆಸಿದೆ, ಸಿರಿಂಜು ತಂದು ನೀರು ಬಿಟ್ಟೆ, ಬಿಸಿನೀರಿನ ಬಾಟಲಿ ಇಟ್ಟೆ. ಮೊದಲಿನಷ್ಟು ಕೆಟ್ಟಿರಲಿಲ್ಲ. ಮೈಯಲ್ಲಿ ಈಗ ಸ್ವಲ್ಪ ಮಾಂಸವಿತ್ತು. ಎರಡು ದಿನ ಬರೀ ನೀರು, ಬೆಂದ ಮಾಂಸ, ಮೆತ್ತಗಿನ ಅನ್ನ. ಮತ್ತೆ ಸರಿಹೋಯಿತು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಆ ದಿನಗಳಲ್ಲಿ ಅವರ ಬಾಯಿಂದ ದೇವರ ಹೆಸರು ಬರಲಿಲ್ಲ, ಅನ್ನಕ್ಕೆ ಮಜ್ಜಿಗೆ ಹಾಕಿಸಿ­ಕೊಳ್ಳಲೂ ಇಲ್ಲ. ಬಟ್ಟಲನ್ನು ಅವರೇ ತೊಳೆದು ಬೋರಲು ಹಾಕಿದ್ದರು.

ಮರಿ ಬಾಲ ಎತ್ತಿಕೊಂಡು ಓಡಾಡತೊಡಗಿದ ದಿನ, ಹಾಲು ಕರೆಯುವ ಹೊತ್ತಿಗೆ, ಅತ್ತೆ ಬೇಲಿಯಾಚೆ ಕಲ್ಲಿನ ಮೇಲೆ ಕೂತಿದ್ದರು. ತಂಬಿಗೆ ಪಕ್ಕದಲ್ಲಿತ್ತು, ಕೊಟ್ಟಿಗೆಗೆ ಹೋಗಿರಲಿಲ್ಲ. ನಾನು ಮಾಂಸ ಬಿಡಿಸಿ ಮರಿಯ ಮುಂದೆ ಇಟ್ಟೆ. ಅದು ಗುರ್ ಅನ್ನುತ್ತ ತಿನ್ನತೊಡಗಿತು.

"ಪುಷ್ಪಾ, ಕರು ಭೇದಿಯಾಗಿ ಉಚ್ಕಂಡ್ರೆ ನಾವೇನ್ ಮಾಡ್ತೀವಿ?"

"ತಾಯಿ ಹತ್ರ ಬಿಡದೆ ಕಟ್ಟಾಕ್ತೀರಿ."

"ಯಾಕೆ?"

ನಾನು ಮಾಂಸದ ಇನ್ನೊಂದು ಎಳೆ ಬಿಡಿಸಿದೆ.

"ಹಾಲು ಹೆಚ್ಚಾಗಿರ್ತೈತೆ ಅಂತ" ಅಂದರು. "ಹಾಲು ಬಿಡ್ಸಿ ಬರೀ ಗಂಜಿನೀರು ಕುಡ್ಸಿದ್ರೆ ನಿಲ್ತೈತೆ. ನಿಮ್ಮ ಮಾವ ಎತ್ತು ಕಾಯೋವಾಗ ಎಷ್ಟು ಕರು ಉಳಿಸೀನಿ ಗೊತ್ತೇನೇ ನಾನು? ಸುತ್ತಲ ಹಟ್ಟಿಯಿಂದ ನನ್ನ ಕರ್ಕಂಡು ಹೋಗೋರು." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಕರುಗಾದ್ರೆ ಏನ್ ಮಾಡ್ಬೇಕು ಅಂತ ಗೊತ್ತಿತ್ತಲ್ಲೇ ನಂಗೆ. ಕೂಸಿಗೆ ಯಾಕೆ ಹೊಳೀಲಿಲ್ಲ?"

ಇದೇ ಮಾತಿಗಾಗಿ ನಾನು ಒಂದು ವರ್ಷ ಕಾದಿದ್ದೆ. ಇದು ಅವರ ಬಾಯಿಂದಲೇ ಬಂದರೆ ನನ್ನ ಎದೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ತಣ್ಣಗಾಗಲಿಲ್ಲ. ಅವರ ಮುಖ ನೋಡಲಾಗದೆ ಮರಿಯನ್ನು ನೋಡಿದೆ.

"ಆಸ್ಪತ್ರೇಲಿ ಕೂಸಿನ ಡಾಕ್ಟ್ರು ಏನಂದ್ರು? ನಿಜ ಹೇಳು."

"ಹಾಲಿಂದ ಅಂತ ಅವ್ರು ಅನ್ಲಿಲ್ಲ ಅತ್ತೆ."

"ಹಾಲು ಕುಡ್ಸಿದ್ದು ಅವ್ರಿಗೆ ಹೇಳಿದ್ರಾ?"

ಹೇಳಿದ್ವಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಮುತ್ತುರಾಜ್ ಇದ್ದಿದ್ದರೆ ಅದನ್ನೇ ಅನ್ನುತ್ತಿದ್ದ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಹುಳ ಅಂತ ಒಂದು ಸಲ ಸುಳ್ಳು ಹೇಳಿದ್ದಕ್ಕೆ ಅವರು ನಂಬಿ ಮತ್ತೆ ಹಾಲು ಕುಡಿಸಿದ್ದರು. ಇನ್ನೊಂದು ಸುಳ್ಳು ನನ್ನ ಬಾಯಿಗೆ ಬರಲಿಲ್ಲ.

"ಇಲ್ಲ" ಅಂದೆ.

ಅತ್ತೆ ತಲೆಯಾಡಿಸಿದರು. "ಮುತ್ತ ಕೊಟ್ಟಿಲ್ಲ ಅಂದ್ನಾ?"

"ಹೂಂ."

"ನಾನು ಆಚೆ ಬೆಂಚಿನ ಮ್ಯಾಲಿದ್ದೆ" ಅಂದರು, ತಮಗೇ ಹೇಳಿಕೊಳ್ಳುವ ಹಾಗೆ. "ಒಳಗೆ ಕರೀಬೇಕಿತ್ತು ನನ್ನ. ನಾನೇ ಹೇಳ್ತಿದ್ದೆ. ಒಳಲೆ ತುಂಬಾ ಕುಡಿಸೀನಿ ಅಂತ ಹೆಮ್ಮೆಯಿಂದ ಹೇಳ್ತಿದ್ದೆ ನಾನು."

ಸೆರಗನ್ನು ಬಾಯಿಗೆ ತುರುಕಿಕೊಂಡರು, ಆದರೂ ಸದ್ದು ನಿಲ್ಲಲಿಲ್ಲ. ಇಲ್ಲ ಅತ್ತೆ, ನಿಮ್ಮಿಂದ ಅಲ್ಲ ಅಂತ ನಾನು ಹೇಳಲಿಲ್ಲ. ಹೇಳಿದರೂ ಅವರು ನಂಬುತ್ತಿರಲಿಲ್ಲ, ನಾನೂ ನಂಬುತ್ತಿರಲಿಲ್ಲ. ಕೋಳಿ ಮುಟ್ಟಿದ ಕೈ ಅನ್ನುವುದೂ ಮರೆತು ಅವರ ಪಕ್ಕ ಕಲ್ಲಿನ ಮೇಲೆ ಕೂತೆ. ಅವರು ದೂರ ಸರಿಯಲಿಲ್ಲ. ಆ ಕೈಯನ್ನೇ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. ನನ್ನ ಮಗಳು ಹೋದಾಗಿನಿಂದ ಅವರು ಒಂದು ಕಡೆ, ನಾನು ಒಂದು ಕಡೆ ಅತ್ತಿದ್ದೆವು. ಒಟ್ಟಿಗೆ ಅತ್ತದ್ದು ಅವತ್ತು ಮೊದಲು.

ಕೊಟ್ಟಿಗೆಯಲ್ಲಿ ಕೆಂದಿ ಕೆಚ್ಚಲು ಬಿಗಿದು ಕೂಗುತ್ತಿತ್ತು. ಕರೆಯಲು ನಾವಿಬ್ಬರೂ ಏಳಲಿಲ್ಲ.